‘ಬಿಟ್ಟು ಬರಬಹುದಿತ್ತಲ್ಲ’ ಅನ್ನುವವರಿಗೆ

ಗಂಡ ಹೊಡೆದ ಸುದ್ದಿ ಎಲ್ಲಿ ಬಂದರೂ ಒಂದು ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. “ಇಷ್ಟು ವರ್ಷ ಯಾಕೆ ಸುಮ್ನಿದ್ದಳು? ಬಿಟ್ಟು ಬರಬಹುದಿತ್ತಲ್ಲ?” ಕೇಳುವವರು ಕೆಟ್ಟವರೇನಲ್ಲ. ಅವರಿಗೊಂದು ತವರುಮನೆ ಇರುತ್ತದೆ, ಪರಿಚಯದ ವಕೀಲರಿರುತ್ತಾರೆ, ಬ್ಯಾಂಕಿನಲ್ಲಿ ಸ್ವಲ್ಪ ದುಡ್ಡಿರುತ್ತದೆ. ಹಾಗಾಗಿ ಬಿಟ್ಟು ಬರುವುದೆಂದರೆ ಬ್ಯಾಗ್ ತುಂಬಿಕೊಂಡು ಬಸ್ ಹತ್ತುವುದು ಅಂತ ಅಂದುಕೊಂಡಿರುತ್ತಾರೆ.

ಉತ್ತರ ಕನ್ನಡ ಜಿಲ್ಲೆಯ ಶಿರಸಿಯಲ್ಲಿ ಟೈಪಿಂಗ್ ಅಂಗಡಿಯೊಂದರಲ್ಲಿ ಕೂರುವವಳು ನಾನು. ಅಫಿಡವಿಟ್, ಜಾತಿ ಪ್ರಮಾಣಪತ್ರದ ಅರ್ಜಿ, ಬಾಂಡ್ ಪೇಪರ್, ರೇಷನ್ ಕಾರ್ಡ್ ತಿದ್ದುಪಡಿ, ಇಂಥದ್ದೇ ಕೆಲಸ. ‘ನನ್ನ ಗಂಡ ಹೊಡೆಯುತ್ತಾನೆ, ಅರ್ಜಿ ಬರೆದುಕೊಡಿ’ ಅಂತ ನೇರವಾಗಿ ಬರುವವರು ಕಡಿಮೆ. ಬೇರೆ ಏನೋ ಕಾಗದಕ್ಕೆ ಬಂದಿರುತ್ತಾರೆ, ವಿಷಯ ಆಮೇಲೆ ಹೊರಬರುತ್ತದೆ.

ಒಬ್ಬಾಕೆ ರೇಷನ್ ಕಾರ್ಡ್ ಬೇರೆ ಮಾಡಿಸಬೇಕು ಅಂತ ಬಂದಿದ್ದರು. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.) ಅಡಿಕೆ ಸುಲಿಯುವ ಕಾಲ. ಚೊಗರು ಹತ್ತಿ ಬೆರಳೆಲ್ಲ ಕಪ್ಪಾಗಿತ್ತು, ಹೆಬ್ಬೆಟ್ಟಿಟ್ಟರೆ ಮಷೀನು ತಗೊಳ್ಳುತ್ತಿರಲಿಲ್ಲ. ಮತ್ತೆ ಮತ್ತೆ ಒರೆಸಿ ಇಡುತ್ತಿದ್ದರು. ಬೇರೆ ಕಾರ್ಡ್ ಯಾಕೆ ಅಂತ ಕೇಳಿದೆ. “ಕಾರ್ಡ್ ಬ್ಯಾರೆ ಆದ್ರೆ ಅಕ್ಕಿ ಬ್ಯಾರೆ ಬರ್ತದ್ಯಲ ಅಕ್ಕಾ” ಅಂದರು. ಅಕ್ಕಿ ಬೇರೆ ಬಂದರೆ ತಾನೂ ಮಗಳೂ ಬೇರೆ ಇರಬಹುದು ಅನ್ನುವ ಲೆಕ್ಕ. ತೋಳು ಎತ್ತಲು ಆಗುತ್ತಿರಲಿಲ್ಲ.

ಪೊಲೀಸರಿಗೆ ಹೇಳಿದ್ರಾ ಅಂದೆ. ನಕ್ಕರು.

ಅವರ ಗಂಡ ಕೊನೆಗೌಡ. ಅಡಿಕೆ ಮರ ಹತ್ತಿ ಕೊನೆ ಇಳಿಸುವವನು. ಈಗ ಕೊನೆಗೌಡ ಸಿಗುವುದೇ ಕಷ್ಟ ಅಂತ ನಮ್ಮ ಕಡೆಯ ತೋಟದವರಿಗೆಲ್ಲ ಗೊತ್ತು. ಸಿಕ್ಕವನಿಗೆ ಮಳೆಗಾಲದಲ್ಲೇ ಮುಂಗಡ ಕೊಟ್ಟು ಹಿಡಿದಿಟ್ಟುಕೊಳ್ಳುತ್ತಾರೆ. ಇವರ ಸಂಸಾರ ಇರುವುದು ತೋಟದ ಒಡೇರ ಜಾಗದಲ್ಲಿ, ಒಡೇರೇ ಕಟ್ಟಿಸಿಕೊಟ್ಟ ಕೋಣೆಯಲ್ಲಿ. ಈಕೆ ಸುಲಿಯಲು ಕೂರುವುದೂ ಅವರ ಅಂಗಳದಲ್ಲೇ. ಸ್ಟೇಷನ್ನಿಗೆ ಹೋದರೆ ಮೊದಲ ಫೋನ್ ಹೋಗುವುದು ಒಡೇರಿಗೆ. ಕೊಯ್ಲಿನ ಹೊತ್ತಲ್ಲಿ ಅವನು ಒಳಗೆ ಹೋದರೆ ಬೆಳೆ ಮರದಲ್ಲೇ ಉಳಿಯುತ್ತದೆ. ಹಾಗಾಗಿ ಒಡೇರು ಅವನಿಗೆ ನಾಲ್ಕು ಬೈದು, ಇವಳಿಗೆ “ಸುಧಾರಿಸ್ಕೊಂಡು ಹೋಗು ತಂಗೀ” ಅಂದು ಕಳಿಸುತ್ತಾರೆ. ಅವರಿಗೆ ಪಾಪ ಅನಿಸುವುದೂ ನಿಜ, ಅವನು ಬೇಕಿರುವುದೂ ನಿಜ.

ನಾನು ಹೇಳಬೇಕೆಂದಿರುವುದು ಇದನ್ನೇ. ಅಂಚಿನಲ್ಲಿರುವ ಹೆಂಗಸಿಗೆ ಹೊಡೆಯುವವನು ಒಬ್ಬನೇ ಇರಬಹುದು. ಆದರೆ ಅವಳು ದೂರು ಹೇಳಬಹುದಾದ ಪ್ರತಿಯೊಬ್ಬರಿಗೂ ಅವನಿಂದ ಏನೋ ಒಂದು ಆಗಬೇಕಿರುತ್ತದೆ. ಅಥವಾ ಅವಳ ಕೂಲಿ, ಸೂರು, ಸಾಲ ಅವರ ಕೈಯಲ್ಲಿರುತ್ತದೆ. ಕರಾವಳಿಗೆ ಇಳಿದರೂ ಕಥೆ ಅದೇ. ಅಲ್ಲಿ ಮುಂಗಡ ಕೊಡುವವರು ಬೋಟಿನವರು. ಜೂನ್, ಜುಲೈ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್. ಆ ಎರಡು ತಿಂಗಳು ಗಂಡಸರು ಮನೆಯಲ್ಲಿ, ಮಹಿಳಾ ಸಂಘದ ಸಾಲದ ಕಂತು ಮಾತ್ರ ವಾರವಾರ ಬಾಗಿಲಿಗೆ. ಸಾಲ ಇರುವುದು ಅವಳ ಹೆಸರಲ್ಲಿ. ಅವಳು ಊರು ಬಿಟ್ಟರೆ ಸಂಘದ ಉಳಿದ ಹೆಂಗಸರು ಆ ಕಂತು ತುಂಬಬೇಕು, ಮತ್ತು ಅವರೇ ಅವಳ ಗೆಳತಿಯರು.

‘ಎಲ್ಲದಕ್ಕೂ ಕುಡಿತವೇ ಕಾರಣ’ ಅನ್ನುವವರು ಜಾಸ್ತಿ. ಅರ್ಧ ಸತ್ಯ ಇದೆ. ಅಂಕೋಲೆಯ ಸುಕ್ರಜ್ಜಿಯನ್ನು, ಅಂದರೆ ಸುಕ್ರಿ ಬೊಮ್ಮಗೌಡರನ್ನು, ಹೊರಗಿನವರು 2017ರ ಪದ್ಮಶ್ರೀಯಿಂದ, ಹಾಲಕ್ಕಿ ಸಮುದಾಯದ ಹಾಡಿನಿಂದ ಬಲ್ಲರು. ನಮ್ಮ ಜಿಲ್ಲೆಯ ಹೆಂಗಸರಿಗೆ ಅಷ್ಟೇ ನೆನಪಿರುವುದು ಅಜ್ಜಿ ಸಾರಾಯಿ ವಿರುದ್ಧ ನಿಂತದ್ದು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಂತಿತಾ? ಮಾಜಾಳಿ ಗಡಿ ಆಚೆ ಗೋವಾ ಇದೆ, ಹೆಚ್ಚು ಹೇಳುವುದು ಬೇಡ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಗಂಡ ಆಗಾಗ ಕುಡಿದು ಅಮಲೇರಿಸಿಕೊಳ್ಳುವ ಮನೆಗಳಲ್ಲಿ ಶೇ. 70ರಷ್ಟು ಹೆಂಗಸರು ಹಿಂಸೆ ಅನುಭವಿಸಿದ್ದರು. ಕುಡಿಯದವರ ಮನೆಗಳಲ್ಲೂ ಶೇ. 23. ಈ 23ನ್ನು ಯಾವ ಬಾಟಲಿಯ ಲೆಕ್ಕಕ್ಕೆ ಬರೆಯುವುದು? ಅದೇ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರ ಪ್ರಮಾಣ ಕರ್ನಾಟಕದಲ್ಲಿ ಶೇ. 44.4. ಹಿಂದಿನ ಸುತ್ತಿನಲ್ಲಿ 20.6 ಇತ್ತು. ಹಿಂಸೆಯೇ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಎರಡೂನೋ, ಜಗಳ ಆಡಬಹುದು. ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ದೇಶದಲ್ಲಿ ಶೇ. 14 ಮಾತ್ರ. ಇದರಲ್ಲಿ ಜಗಳಕ್ಕೇನೂ ಉಳಿದಿಲ್ಲ.

ಇನ್ನು ಕಾನೂನು. ಕಾನೂನು ಇಲ್ಲ ಅಂತಲ್ಲ, ಚೆನ್ನಾಗಿಯೇ ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ ಮನೆ ಯಾರ ಹೆಸರಲ್ಲೇ ಇರಲಿ, ಅವಳಿಗೆ ಆ ಮನೆಯಲ್ಲಿ ಇರುವ ಹಕ್ಕಿದೆ. ಸಂರಕ್ಷಣಾಧಿಕಾರಿ ಇದ್ದಾರೆ. ನಮ್ಮಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಆ ಕೆಲಸವನ್ನೂ ನೋಡುತ್ತಾರೆ, ಅಂಗನವಾಡಿ, ಮೊಟ್ಟೆ, ಪೌಷ್ಟಿಕ ಆಹಾರ ಎಲ್ಲದರ ಜೊತೆಗೆ. ಅವರಿಗೆ ಹೊತ್ತೆಲ್ಲಿ? ಕೋಣೆ ಒಡೇರದ್ದಾದರೆ ಆ ಹಕ್ಕನ್ನು ಎಷ್ಟು ದಿನ ಹಿಡಿದುಕೊಂಡು ಕೂರುತ್ತೀರಿ? ಅವನ ಕೆಲಸ ಹೋದ ದಿನ ಕೋಣೆಯೂ ಹೋಯಿತು.

ಅತಿಕ್ರಮಣದ ಜಾಗದಲ್ಲಿರುವವರದ್ದು ಇನ್ನೊಂದು ಬಗೆ. ನಮ್ಮ ಜಿಲ್ಲೆಯಲ್ಲಿ ಅರಣ್ಯ ಭೂಮಿಯಲ್ಲಿ ಮನೆ ಕಟ್ಟಿಕೊಂಡವರು ಎಷ್ಟಿದ್ದಾರೆ ಅಂತ ಹೇಳಬೇಕಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿದೆ. ಮದುವೆಯಾದವರಿಗೆ ಪಟ್ಟಾ ಕೊಡುವಾಗ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು. ಆದರೆ ಬುಡಕಟ್ಟಿಗೆ ಸೇರದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷಿ ಕೊಡಬೇಕು. ಅಲ್ಲೇ ಅರ್ಜಿ ಬಿದ್ದುಹೋಗುತ್ತದೆ. ಪಟ್ಟಾ ಹೋರಾಟಕ್ಕೆ ಬರುವ ಗಂಡಸರನ್ನು ನೋಡಿದ್ದೇನೆ. ಹೆಂಡತಿಯ ಹೆಸರು ಬರಲಿ ಅಂತ ಕೂಗಿದವರನ್ನು ನೋಡಿಲ್ಲ.

ಜಾತಿ ಸೇರಿಕೊಂಡಾಗ ಕಾನೂನೇ ಬೇರೆಯಾಗುತ್ತದೆ. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹಾಲಕ್ಕಿಗಳು ಅದೇ ಬೇಡಿಕೆ ಹಿಡಿದು ವರ್ಷಗಟ್ಟಲೆ ಅಲೆದರು. ಒಂದೇ ಗದ್ದೆಯಲ್ಲಿ ದುಡಿಯುವ ಇಬ್ಬರು ಹೆಂಗಸರ ಮೇಲೆ ಒಬ್ಬನೇ ಕೈ ಹಾಕಿದ ಅಂತಿಟ್ಟುಕೊಳ್ಳಿ. ಪಟ್ಟಿಯಲ್ಲಿರುವವಳಿಗೆ 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಬಲ ಸಿಗುತ್ತದೆ. ತನಿಖೆಗೆ ಡಿವೈಎಸ್ಪಿ ಬರುತ್ತಾರೆ, ಸರ್ಕಾರದಿಂದ ಪರಿಹಾರವೂ ಇದೆ. ಪಟ್ಟಿಯಲ್ಲಿಲ್ಲದವಳಿಗೆ ಇದ್ಯಾವುದೂ ಇಲ್ಲ. ಹಾಗಂತ ಮೊದಲನೆಯವಳಿಗೆ ಎಲ್ಲ ಸಲೀಸು ಅಂತಲೂ ಅಲ್ಲ. ಜಾತಿ ಪ್ರಮಾಣಪತ್ರ ಬೇಕು, ಆಚೀಚೆಯವರ ಸಾಕ್ಷಿ ಬೇಕು. ಸಾಕ್ಷಿ ಹೇಳುವವರಿಗೂ ನಾಳೆ ಅದೇ ಗದ್ದೆಯಲ್ಲಿ ಕೂಲಿ ಬೇಕು. ಗಂಡನೂ ಪರಿಶಿಷ್ಟನೇ ಆದರೆ ಮನೆಯೊಳಗಿನ ಹೊಡೆತಕ್ಕೆ ಆ ಕಾಯ್ದೆ ಬರುವುದೂ ಇಲ್ಲ.

ಲಿಂಗತ್ವ ಅಲ್ಪಸಂಖ್ಯಾತರ ವಿಷಯಕ್ಕೆ ಬಂದರೆ ಕಾನೂನಿನ ಬರಹದಲ್ಲೇ ತಾರತಮ್ಯ. ಅವರಿಗಾಗಿ 2019ರಲ್ಲಿ ಬಂದ ಕಾಯ್ದೆಯು ಲೈಂಗಿಕ ದೌರ್ಜನ್ಯಕ್ಕೆ ಇಟ್ಟ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷ. ಈ ಎರಡು ಸಂಖ್ಯೆಯನ್ನು ಅಕ್ಕಪಕ್ಕ ಇಟ್ಟು ನೋಡಿ ಸಾಕು, ನಾನು ಬೇರೆ ಏನೂ ಬರೆಯಬೇಕಿಲ್ಲ.

ದೂರದ ಮಾತು ನಮ್ಮ ಜಿಲ್ಲೆಯವರಿಗೆ ಹೇಳಬೇಕಾ? ಹನ್ನೆರಡು ತಾಲೂಕು, ಜಿಲ್ಲಾಕೇಂದ್ರ ಒಂದು ಮೂಲೆಯಲ್ಲಿ. ಶಿರಸಿಯಿಂದ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು, ನಡುವೆ ಘಟ್ಟ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡು ಉಳಿಯಿತು. ಇದನ್ನು ನಗುವವರು ನಗಲಿ, ನನ್ನ ಮುಂದೆ ಬಂದು ಕೂರುವ ಎಷ್ಟೋ ಜನ ಆ ಸೊನ್ನೆ ರೂಪಾಯಿ ಟಿಕೆಟ್‌ನಲ್ಲೇ ಬಂದವರು. ಆದರೆ ಆಧಾರೋ ಬೇರೆ ಗುರುತಿನ ಕಾರ್ಡೋ ತೋರಿಸಬೇಕಲ್ಲ. ಕಾರ್ಡ್ ಗಂಡನ ಪೆಟ್ಟಿಗೆಯಲ್ಲಿದ್ದರೆ? ಹೋದರೂ ಒಂದು ದಿನದ ಕೂಲಿ ಹೋಯಿತು, ಮುಂದಿನ ತಾರೀಖಿಗೆ ಇನ್ನೊಂದು ದಿನದ್ದು.

ಹಾಗಾಗಿ ಜಾಗೃತಿ ಜಾಥಾದ ಮೇಲೆ ನನಗೆ ಅಂಥ ನಂಬಿಕೆ ಇಲ್ಲ. ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡರೆ ಯಾರಿಗೂ ರಾತ್ರಿ ಮಲಗಲು ಜಾಗ ಸಿಗುವುದಿಲ್ಲ. ಬೇಕಿರುವುದು ಊರಿನ ಹಂಗಿಲ್ಲದ ಒಬ್ಬ ಮನುಷ್ಯ, ಅವಳ ಕೈಗೆ ಸಿಗುವಷ್ಟು ಹತ್ತಿರದಲ್ಲಿ. ಕಾನೂನಿನಲ್ಲಿ ಅದಕ್ಕೂ ದಾರಿ ಇದೆ. ಕೆಲಸದ ಜಾಗದಲ್ಲಿ ಮಾಲೀಕನೇ ಲೈಂಗಿಕ ಕಿರುಕುಳ ಕೊಟ್ಟರೆ, ಅಥವಾ ಹತ್ತು ಜನಕ್ಕಿಂತ ಕಡಿಮೆ ದುಡಿಯುವಲ್ಲಿ ಮೇಸ್ತ್ರಿ ಕೊಟ್ಟರೆ, 2013ರ ಕಾಯ್ದೆಯಡಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು, ದೂರು ತಗೊಳ್ಳಲು ತಾಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು. ಮನೆಗೆಲಸದವರು, ಗೇರುಬೀಜ ಫ್ಯಾಕ್ಟರಿಯವರು, ಅಡಿಕೆ ಸುಲಿಯುವವರು ಎಲ್ಲರಿಗೂ ಈ ಕಾಯ್ದೆ ಅನ್ವಯ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು. ನಿಮ್ಮ ತಾಲೂಕಿನ ಆ ಅಧಿಕಾರಿಯ ಹೆಸರು ನಿಮಗೆ ಗೊತ್ತಾ? ಇದನ್ನು ಓದುತ್ತಿರುವ ಮೇಷ್ಟ್ರುಗಳು, ಅಕ್ಕೋರುಗಳು, ಪಂಚಾಯ್ತಿ ಸದಸ್ಯರು ಒಮ್ಮೆ ಯೋಚಿಸಿ.

ಸಂರಕ್ಷಣಾಧಿಕಾರಿ, ನೋಡಲ್ ಅಧಿಕಾರಿ ಇಬ್ಬರ ಹೆಸರು, ಫೋನ್ ನಂಬರ್, ಜೊತೆಗೆ ಮಹಿಳಾ ಸಹಾಯವಾಣಿ 181, ಇಷ್ಟನ್ನು ಗೋಡೆ ಮೇಲೆ ಬರೆಸಿ ಅಂತ ಒಂದು ಪಂಚಾಯ್ತಿಗೆ ಅರ್ಜಿ ಕೊಟ್ಟೆ. ಗೋಡೆಯಲ್ಲಿ ಜಾಗ ಇಲ್ಲ ಅಂದರು. ನೋಡಿದೆ, ನಿಜಕ್ಕೂ ಇರಲಿಲ್ಲ. ಸದಸ್ಯರ ಪಟ್ಟಿ, ಅವರ ಫೋಟೊ, ಯಾರದೋ ಹುಟ್ಟುಹಬ್ಬದ ಬ್ಯಾನರ್. ಮುಂದಿನ ಗ್ರಾಮಸಭೆಯಲ್ಲಿ ಮತ್ತೆ ಕೇಳುತ್ತೇನೆ. ನಿಮ್ಮೂರಲ್ಲೂ ಕೇಳುವವರಿದ್ದರೆ ಅರ್ಜಿಯ ಪ್ರತಿ ಕಳಿಸುತ್ತೇನೆ, ಊರಿನ ಹೆಸರು, ತಾರೀಖು ಬದಲಿಸಿ ಸಹಿ ಹಾಕಿದರಾಯಿತು.