ನೇರಳೆ ದೀಪದ ಅಣಕ ಮತ್ತು ನಾನು ಮಾಡಿದ ಒಂದು ಸುಳ್ಳು

ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡವೊಂದರ ಸುದ್ದಿಯನ್ನು ತಿಪಟೂರಿನ ಕೊಬ್ಬರಿ ಧಾರಣೆಯ ಭಾಷೆಯಲ್ಲಿ ಬರೆಯುವ ಅಣಕದ ಪುಟವೊಂದು ಸಾಮಾಜಿಕ ಜಾಲತಾಣದಲ್ಲಿದೆ. ಅದನ್ನು ನಡೆಸುವವನು ನಾನು. ಗೆಳೆಯರಲ್ಲಿ ಕೆಲವರಿಗೆ ಇದು ಗೊತ್ತು, ಹೆಚ್ಚಿನವರಿಗೆ ಗೊತ್ತಿಲ್ಲ. ಆ ಪುಟದಲ್ಲಿ ನಾನು ಹಾಕಿದ ಒಂದು ಕಾರ್ಡಿನ ಬಗ್ಗೆ ಲೆಕ್ಕ ಒಪ್ಪಿಸಬೇಕಾಗಿರುವುದರಿಂದ ಇಂದು ನನ್ನ ಸ್ವಂತ ಖಾತೆಯಲ್ಲಿಯೇ ಬರೆಯುತ್ತಿದ್ದೇನೆ.

ತಂಡದ ಹೆಸರು ಸ್ಯಾಕ್ರಮೆಂಟೊ ಕಿಂಗ್ಸ್. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಭಾರತದಲ್ಲಿ ನಡೆಸಿದ ಮೊಟ್ಟಮೊದಲ ಪಂದ್ಯವನ್ನು 2019ರ ಅಕ್ಟೋಬರ್ 4ರಂದು ಮುಂಬೈಯಲ್ಲಿ ಇಂಡಿಯಾನಾ ಪೇಸರ್ಸ್ ವಿರುದ್ಧ ಆಡಿದ್ದು ಈ ತಂಡವೇ. ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯವನ್ನು ಕಿಂಗ್ಸ್ 132–131ರಿಂದ ಸೋತಿತು. ತುಮಕೂರಿನ ನಮ್ಮ ಮನೆಯ ಟಿವಿ ಮುಂದೆ ಕುಳಿತಿದ್ದ ನನಗೆ ಆ ಒಂದು ಅಂಕ ಎದೆಗೆ ನಾಟಿತು. ಗೆದ್ದವರನ್ನು ಎಲ್ಲರೂ ಹಿಂಬಾಲಿಸುತ್ತಾರೆ, ನನಗೆ ಸೋತವರು ಹತ್ತಿರದವರಾದರು. ಅಲ್ಲಿ ಸಂಜೆ ಏಳಕ್ಕೆ ಆರಂಭವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ ಎಂಟೂವರೆಗೆ. ಬೆಂಗಳೂರಿನ ಕೆಲಸಕ್ಕೆ ಹೋಗುವ ರೈಲಿನಲ್ಲಿ, ಬಾಗಿಲ ಬಳಿ ನಿಂತು, ಎಷ್ಟು ಸೋಲುಗಳನ್ನು ನೋಡಿದ್ದೇನೋ ಲೆಕ್ಕವಿಲ್ಲ.

ಈ ತಂಡದ ಸೋಲುಗಳಿಗೆ ಇತಿಹಾಸವೇ ಇದೆ. 2006–07ರಿಂದ 2021–22ರವರೆಗೆ ಸತತ ಹದಿನಾರು ಋತುಗಳಲ್ಲಿ, ಪ್ರಶಸ್ತಿ ನಿರ್ಧಾರವಾಗುವ ಕೊನೆಯ ಸುತ್ತುಗಳಾದ ಪ್ಲೇ-ಆಫ್ ಹಂತ ತಲುಪಲಿಲ್ಲ. ಎನ್‌ಬಿಎಯಲ್ಲಿ ಅದೇ ದಾಖಲೆ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2018ರ ಆಯ್ಕೆ ಪ್ರಕ್ರಿಯೆಯಲ್ಲಿ ಎರಡನೆಯ ಸರದಿ ಕೈಯಲ್ಲಿದ್ದಾಗ, ಮುಂದೆ ದೊಡ್ಡ ತಾರೆಯಾದ ಲೂಕಾ ಡಾನ್ಸಿಚ್‌ನನ್ನು ಬಿಟ್ಟು ಮಾರ್ವಿನ್ ಬ್ಯಾಗ್ಲಿಯನ್ನು ಆರಿಸಿಕೊಂಡರು. 2022ರಲ್ಲಿ ಹೊಸ ಪದ್ಧತಿ ಬಂತು, ಪ್ರತಿ ಗೆಲುವಿನ ರಾತ್ರಿ ಕ್ರೀಡಾಂಗಣದ ಮೇಲಿನಿಂದ ಆಕಾಶಕ್ಕೆ ನೇರಳೆ ಬಣ್ಣದ ಲೇಸರ್ ದೀಪ ಹಾಯಿಸುವುದು. ಆ ಋತುವಿನಲ್ಲಿ 48 ಪಂದ್ಯ ಗೆದ್ದು ಬರ ನೀಗಿಸಿದರು. ಪ್ಲೇ-ಆಫ್ ಮೊದಲ ಸುತ್ತಿನ ಏಳನೆಯ ಪಂದ್ಯ ನಮ್ಮಲ್ಲಿ 2023ರ ಮೇ 1ರಂದು, ನಡುರಾತ್ರಿ ಕಳೆದ ಮೇಲೆ ನಡೆಯಿತು. ಎದುರಾಳಿ ತಂಡದ ಸ್ಟೀಫನ್ ಕರಿ ಒಬ್ಬನೇ 50 ಅಂಕ ಹೊಡೆದು ನಮ್ಮನ್ನು ಮನೆಗೆ ಕಳುಹಿಸಿದ. ಬೆಳಗಾದರೆ ಕಾರ್ಮಿಕ ದಿನಾಚರಣೆಯ ರಜೆ ಇದ್ದದ್ದು ಪುಣ್ಯ.

ಇಂಥ ತಂಡವನ್ನು ಅಣಕಿಸದೆ ಪ್ರೀತಿಸುವುದು ಸಾಧ್ಯವಿಲ್ಲ ಎಂದು ನಾನು ನಂಬುತ್ತೇನೆ. ಸೋಲಿನ ಸರಣಿ ಬಂದಾಗ ವಿದ್ಯುತ್ ನಿಲುಗಡೆಯ ಪ್ರಕಟಣೆ ಬರೆದೆ: “ತುರ್ತು ನಿರ್ವಹಣಾ ಕಾಮಗಾರಿಯ ನಿಮಿತ್ತ ಸ್ಯಾಕ್ರಮೆಂಟೊ ನೇರಳೆ ದೀಪದ ಮಾರ್ಗದಲ್ಲಿ ಮುಂದಿನ ಗೆಲುವಿನವರೆಗೆ ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯವಾಗಲಿದೆ. ಅಭಿಮಾನಿಗಳು ಸಹಕರಿಸಬೇಕಾಗಿ ಕೋರಿದೆ.” 2018ರ ಆಯ್ಕೆಯನ್ನು ಕೊಬ್ಬರಿ ಹರಾಜಿನ ವರದಿಯಾಗಿ ಬರೆದೆ. ಅದರಲ್ಲಿ ಖರೀದಿದಾರರು ಪಕ್ಕದ ಚೀಲವನ್ನು ಬಿಚ್ಚಿಯೂ ನೋಡದೆ ಟೆಂಡರ್ ಚೀಟಿ ಹಾಕಿ ಊಟಕ್ಕೆ ಎದ್ದು ಹೋಗುತ್ತಾರೆ. ಬ್ಯಾಗ್ಲಿಯ ಬಗ್ಗೆ ಒಂದು ಮಾತೂ ಅದರಲ್ಲಿರಲಿಲ್ಲ. ಆರಿಸಿಕೊಳ್ಳಿ ಎಂದು ಆ ಹುಡುಗ ಯಾರ ಬಾಗಿಲಿಗೂ ಹೋಗಿರಲಿಲ್ಲ, ತೀರ್ಮಾನ ಆಡಳಿತದವರದು, ಪೆಟ್ಟು ಅವರಿಗೇ ಬೀಳಬೇಕು. ಬ್ಯಾಸ್ಕೆಟ್‌ಬಾಲ್ ಅಂದರೇನೆಂದು ತಿಳಿಯದ ನಮ್ಮ ಚಿಕ್ಕಪ್ಪ ಕೂಡ ಆ ಹರಾಜಿನ ವರದಿ ಓದಿ ನಕ್ಕರು. ಅವರು ಮೂವತ್ತು ವರ್ಷ ತೆಂಗು ಬೆಳೆದವರು.

ಇನ್ನು ಆ ಕಾರ್ಡಿನ ವಿಷಯ. ಕಳೆದ ವರ್ಷ, ತಂಡ ಮತ್ತೆ ಕುಸಿದಾಗ, ಸುದ್ದಿವಾಹಿನಿಯ ಬ್ರೇಕಿಂಗ್ ಪಟ್ಟಿಯಂತೆ ಕಾಣುವ ಕಾರ್ಡೊಂದನ್ನು ಮಾಡಿದೆ. ತಂಡ ಸ್ಯಾಕ್ರಮೆಂಟೊ ತೊರೆದು ಬೇರೆ ನಗರಕ್ಕೆ ಹೋಗುತ್ತಿದೆ, ಮಾಲೀಕರು ಒಪ್ಪಿದ್ದಾರೆ ಎಂದಿತ್ತು ಅದರಲ್ಲಿ. ಪುಟದ ಪರಿಚಯದಲ್ಲಿ ‘ಅಣಕ’ ಎಂದು ಬರೆದೇ ಇದೆಯಲ್ಲ, ಅಷ್ಟು ಸಾಕು ಎಂದುಕೊಂಡಿದ್ದೆ.

ಸಾಕಾಗಲಿಲ್ಲ. ಯಾರೋ ಚಿತ್ರವನ್ನಷ್ಟೇ ಇಳಿಸಿಕೊಂಡು ವಾಟ್ಸ್‌ಆ್ಯಪ್‌ಗೆ ಹಾಕಿದರು. ಪುಟದ ಹೆಸರು ಹಿಂದೆ ಉಳಿಯಿತು, ಸುಳ್ಳು ಮುಂದೆ ಹೋಯಿತು. ಭಾನುವಾರ ಬೆಳಿಗ್ಗೆ ನಾನು ಆಡಲು ಹೋಗುವ ಅಂಕಣದಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನಿದ್ದಾನೆ. ನೇರಳೆ ಜೆರ್ಸಿ ಕೊಳ್ಳಲು ತಿಂಗಳುಗಳಿಂದ ಹಣ ಕೂಡಿಡುತ್ತಿದ್ದ. “ಅಣ್ಣಾ, ತಂಡ ಊರು ಬಿಡುತ್ತದಂತೆ. ನಿಜವೇ?” ಎಂದು ಕೇಳಿದ. ಸುಳ್ಳು ಎಂದೆ. “ನಿಮಗೆ ಹೇಗೆ ಗೊತ್ತು?” ಎಂದ. ಬರೆದವನು ನಾನೇ ಎಂದು ಹೇಳಬೇಕಾಯಿತು. ಅವನು ನಗಲಿಲ್ಲ. “ನಾನು ಎಲ್ಲರಿಗೂ ಹೇಳಿಬಿಟ್ಟೆನಲ್ಲ” ಎಂದು ಚೆಂಡೆತ್ತಿಕೊಂಡು ಆಚೆಗೆ ಹೋದ.

ಅವನು ನಂಬಿದ್ದರಲ್ಲಿ ಯಾವ ದಡ್ಡತನವೂ ಇರಲಿಲ್ಲ. 2013ರಲ್ಲಿ ಕಿಂಗ್ಸ್ ನಿಜವಾಗಿಯೂ ಸಿಯಾಟಲ್‌ಗೆ ಹೊರಟು ನಿಂತಿತ್ತು. ಲೀಗ್‌ನ ಮಾಲೀಕರು ಆ ಸ್ಥಳಾಂತರವನ್ನು ತಿರಸ್ಕರಿಸಿ, ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಅವರ ಬಳಗ ತಂಡವನ್ನು ಕೊಂಡ ಮೇಲೆ ಅದು ಉಳಿಯಿತು. ನಿಜದ ಗಾಯದ ಮೇಲೆ ನಾನು ಸುಳ್ಳಿನ ಪಟ್ಟಿ ಕಟ್ಟಿದ್ದೆ. ಅಲ್ಲದೆ ಈ ಆಟದಲ್ಲಿ ನಿಜವೇ ಅಣಕದಂತೆ ಬರುತ್ತದೆ. 2025ರ ಫೆಬ್ರುವರಿಯಲ್ಲಿ ಡಲ್ಲಾಸ್ ತಂಡ ತನ್ನ ತಾರೆ ಡಾನ್ಸಿಚ್‌ನನ್ನು ಲೇಕರ್ಸ್ ತಂಡಕ್ಕೆ ಬಿಟ್ಟುಕೊಟ್ಟ ಸುದ್ದಿಯನ್ನು ಕ್ರೀಡಾ ವರದಿಗಾರ ಶಮ್ಸ್ ಚರಾನಿಯಾ ಪ್ರಕಟಿಸಿದಾಗ, ಅವರ ಖಾತೆಗೆ ಕನ್ನ ಬಿದ್ದಿದೆ ಎಂದೇ ಜನ ಭಾವಿಸಿದರು. ಇದು ನಿಜ ಎಂದು ಅವರು ಇನ್ನೊಮ್ಮೆ ಬರೆಯಬೇಕಾಯಿತು. 2022ರ ನವೆಂಬರ್‌ನಲ್ಲಿ ಖಾತೆ ಅಸಲಿ ಎಂದು ಸೂಚಿಸುತ್ತಿದ್ದ ಟ್ವಿಟರ್‌ನ ನೀಲಿ ಗುರುತು ಹಣಕ್ಕೆ ಸಿಗತೊಡಗಿದ ವಾರವೇ, ಲೇಕರ್ಸ್‌ನ ತಾರೆ ಲೆಬ್ರಾನ್ ಜೇಮ್ಸ್ ಹೆಸರಿನ ನಕಲಿ ಖಾತೆಯೊಂದು ಅವನು ಲೇಕರ್ಸ್ ಬಿಡಲು ಬಯಸಿದ್ದಾನೆಂದು ಹಬ್ಬಿಸಿತ್ತು. ಈಗ ಎಕ್ಸ್ ಆಗಿರುವ ಆ ಜಾಲತಾಣ, ಅಣಕದ ಖಾತೆಗಳು ಹೆಸರಿನ ಆರಂಭದಲ್ಲಿಯೇ ಅದನ್ನು ಹೇಳಬೇಕೆಂದು 2025ರ ಏಪ್ರಿಲ್‌ನಲ್ಲಿ ನಿಯಮ ಮಾಡಿತು. ಒಳ್ಳೆಯದೇ. ಆದರೆ ಕತ್ತರಿಸಿದ ಚಿತ್ರದ ಜೊತೆ ಹೆಸರು ಹೋಗುವುದಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಚಿಕ್ಕಂದಿನಲ್ಲಿ ಗುಬ್ಬಿಯ ನಮ್ಮ ಅಜ್ಜಿಯ ಮನೆಯ ಬೀದಿಗೆ ಹಗಲುವೇಷದವರು ಬರುತ್ತಿದ್ದರು. ಒಂದು ದಿನ ರಾವಣ, ಇನ್ನೊಂದು ದಿನ ಭೀಮ. ಉರಿಬಿಸಿಲಿನಲ್ಲಿ ಬಾಗಿಲ ಮುಂದೆ ನಿಂತು ಅಬ್ಬರಿಸಿದರೆ ಮಕ್ಕಳು ಅಜ್ಜಿಯ ಸೆರಗಿನ ಹಿಂದೆ ಅಡಗುತ್ತಿದ್ದೆವು, ಆದರೂ ಅದು ವೇಷವೆಂದು ನಮಗೆ ಗೊತ್ತಿತ್ತು. ಬಣ್ಣ ಇದ್ದದ್ದು ಮುಖದ ಮೇಲೆ. “ಇವರು ವೇಷಗಾರರು” ಎಂದು ಊರ ಬಾಗಿಲಲ್ಲಿ ಹಲಗೆ ತೂಗುಹಾಕಿ ಒಳಗೆ ಬಣ್ಣವಿಲ್ಲದೆ ತಿರುಗುತ್ತಿರಲಿಲ್ಲ. ವಿದ್ಯುತ್ ಪ್ರಕಟಣೆಯನ್ನು ಎಲ್ಲಿ ಕತ್ತರಿಸಿ ಎಲ್ಲಿಗೆ ಕಳುಹಿಸಿದರೂ ಅದರ ಬಣ್ಣ ಅದರ ಜೊತೆಗೇ ಹೋಗುತ್ತದೆ. ನನ್ನ ಬ್ರೇಕಿಂಗ್ ಕಾರ್ಡಿಗೆ ಬಣ್ಣವೇ ಇರಲಿಲ್ಲ. ಅದನ್ನು ಅಣಕ ಎಂದು ಕರೆದು ಹಗಲುವೇಷದವರಿಗೆ ಅವಮಾನ ಮಾಡಲಾರೆ.

ವಿವರಿಸಿದರೆ ಹಾಸ್ಯ ಸಾಯುತ್ತದೆ ಎಂದು ಪುಟಕ್ಕೆ ನೆರವಾಗುವ ಗೆಳೆಯ ವಾದಿಸುತ್ತಾನೆ. ವಿವರಣೆ ನಾನು ಕೇಳುತ್ತಿಲ್ಲ, ಕಸುಬು ಕೇಳುತ್ತಿದ್ದೇನೆ. ಕೊಬ್ಬರಿ ವರದಿಗೆ ಎರಡು ರಾತ್ರಿ ಹಿಡಿದಿತ್ತು. ಬ್ರೇಕಿಂಗ್ ಕಾರ್ಡಿಗೆ ಹತ್ತು ನಿಮಿಷ ಹಿಡಿಯಿತು, ಹಂಚಿಕೆ ಮಾತ್ರ ಅದಕ್ಕೇ ಹೆಚ್ಚು. ಆ ಹಂಚಿಕೆ ನನಗೆ ಬೇಡ. ಸುದ್ದಿಯ ರೂಪದ ಕಾರ್ಡು, ಆಟಗಾರರ ಬಾಯಲ್ಲಿ ಅವರು ಆಡದ ಮಾತು, ಇವೆರಡನ್ನೂ ಪುಟದಿಂದ ತೆಗೆದಿದ್ದೇನೆ.

ತೆಗೆದರೂ ಅದು ಓಡಾಡುತ್ತಲೇ ಇದೆ. ಮೊನ್ನೆ ಶಿರಾದ ಗುಂಪೊಂದರಿಂದ ನನಗೇ ಬಂತು, ಕೆಳಗೆ “ಎಲ್ಲರಿಗೂ ತಲುಪಿಸಿ” ಎಂಬ ಸಾಲು ಬೇರೆ ಸೇರಿತ್ತು. “ಇದನ್ನು ಮಾಡಿದವನು ನಾನು. ಇದು ಸುಳ್ಳು. ತಂಡ ಸ್ಯಾಕ್ರಮೆಂಟೊದಲ್ಲಿಯೇ ಇದೆ” ಎಂದು ಉತ್ತರಿಸಿದೆ. ನಿಮಗೂ ಬಂದಿದ್ದರೆ, ದಯವಿಟ್ಟು ಎಲ್ಲಿಂದ ಬಂತೆಂದು ತಿಳಿಸಿ. ಅಲ್ಲಿಯೂ ಇದನ್ನೇ ಬರೆಯುತ್ತೇನೆ.