ಚೀಲದಲ್ಲಿ ಡೈನಮೋ

ಕೀ ತಿರುಗಿಸಿದಾಗ ಬ್ಯಾಟರಿ ಗುರುತಿನ ಕೆಂಪು ದೀಪ ಹತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ನಮ್ಮ 2004ರ ಮಾರುತಿ 800ರಲ್ಲಿ ಅವತ್ತು ಆರಲಿಲ್ಲ. ಅದರಲ್ಲಿ ಹತ್ತಬೇಕಾದ ಎಷ್ಟೋ ದೀಪಗಳು ಹತ್ತುವುದೇ ಇಲ್ಲ. ಹಾಗಾಗಿ ಒಂದು ದೀಪ ಇಷ್ಟು ನಿಷ್ಠೆಯಿಂದ ಉರಿಯುವುದು ನೋಡಿ ಸ್ವಲ್ಪ ಹೊತ್ತು ಸುಮ್ನಿದ್ದೆ.

ಎಂಜಿನ್ ಓಡುವಾಗ ಡೈನಮೋ ಬ್ಯಾಟರಿಯನ್ನು ಚಾರ್ಜ್ ಮಾಡ್ತಿಲ್ಲ ಅಂತ ಅದರ ಅರ್ಥ. ಅಂಗಡಿಗೆ ಒಯ್ದರೆ "ಡೈನಮೋನೇ ಹೋಗಿದೆ ಸಾರ್" ಅನ್ನುತ್ತಾರೆ, ಸಾವಿರಗಳಲ್ಲಿ ಮಾತು. ನಾನೇ ಮಾಡಿದರೆ? ಒಳಗಿರುವುದು ಎರಡು ಕಾರ್ಬನ್ ಬ್ರಷ್ಷು, ಸವೆದಿರುತ್ತವೆ, ಬದಲಿಸಿದರೆ ಆಯಿತು. ಹಾಲಿನ ಚೀಟಿಯ ಹಿಂದೆ ಲೆಕ್ಕ ಹಾಕಿ ಹೆಂಡತಿಗೆ ತೋರಿಸಿದೆ.

"ಹೋದ ವರ್ಷ ಮಿಕ್ಸಿ ರಿಪೇರಿ ಮಾಡಿದ್ರಲ್ಲ," ಅಂದಳು.

"ಹೂಂ."

"ಅದರ ಜಾರಲ್ಲಿ ಈಗ ಬಟ್ಟೆ ಕ್ಲಿಪ್ ಹಾಕಿಡ್ತಿದ್ದೀನಿ."

ಮೊದಲು ಮಲ್ಟಿಮೀಟರ್ ತಂದೆ. ಎಂಜಿನ್ ಓಡುವಾಗ ಬ್ಯಾಟರಿಯ ಎರಡು ತುದಿಗೆ ಹಿಡಿದರೆ 13.8ರಿಂದ 14.5 ವೋಲ್ಟ್ ತೋರಿಸಬೇಕು. ನಮ್ಮದು 12.1. ಹೆಮ್ಮೆಯಿಂದ ಬರೆದಿಟ್ಟುಕೊಂಡೆ. ಮೀಟರಿಗೆ ದುಡ್ಡು ಕೊಟ್ಟು ತಿಳಿದುಕೊಂಡ ಈ ಸಂಗತಿಯನ್ನು ಕೆಂಪು ದೀಪ ಬಿಟ್ಟಿಯಾಗಿ ಹೇಳಿತ್ತು ಅಂತ ಆಮೇಲೆ ಹೊಳೆಯಿತು.

ಬ್ಯಾಟರಿಯಲ್ಲಿ ಮೈನಸ್ ಮೊದಲು ಬಿಚ್ಚಬೇಕು. ನಾನು ಪ್ಲಸ್‌ನಿಂದ ಶುರು ಮಾಡಿದೆ. ಸ್ಪ್ಯಾನರಿನ ಇನ್ನೊಂದು ತುದಿ, ಮೈನಸ್‌ಗೆ ಸೇರಿರುವ ಕಾರಿನ ಲೋಹದ ಮೈಗೆ ತಾಗಿ ಚಟಾರೆಂದು ಕಿಡಿ ಹಾರಿತು. ಸ್ಪ್ಯಾನರ್ ಸೀಬೆ ಗಿಡದ ಬುಡಕ್ಕೆ ಹೋಗಿ ಬಿತ್ತು. ಮೈನಸ್ ಯಾಕೆ ಮೊದಲು ಅನ್ನುವುದು ಈ ಜನ್ಮಕ್ಕೆ ಮರೆಯುವುದಿಲ್ಲ.

ಅದಾದ ಮೇಲೆ ಕೆಲಸ ಸಲೀಸಾಯಿತು. ಡೈನಮೋ ತಿರುಗಿಸುವ ಬೆಲ್ಟಂತೂ, ಬಿಗಿ ಮಾಡುವ ಬೋಲ್ಟಿಗೆ ಕೈ ಹಾಕುವ ಮುಂಚೆಯೇ, ಹೂವಿನ ಹಾರ ತೆಗೆದಂತೆ ಕೈಗೆ ಬಂತು. ನನ್ನ ಕೈಗುಣ ಅಂದುಕೊಂಡೆ. ವಿಡಿಯೊದವನು 11 ನಿಮಿಷದಲ್ಲಿ ಇಳಿಸಿದ ಡೈನಮೋವನ್ನು ನಾನು ಮೂರೇ ಗಂಟೆಯಲ್ಲಿ ಇಳಿಸಿದೆ. ಆದರೆ ಅದನ್ನು ಬಿಡಿಸಿ ಒಳಗೆ ನೋಡಲು ಧೈರ್ಯ ಬರಲಿಲ್ಲ. ಮಿಕ್ಸಿ ನೆನಪಾಯಿತು. ಬ್ರಷ್ಷನ್ನು ಅಂಗಡಿಯವರೇ ಹಾಕಲಿ, ಬಿಚ್ಚಿದ ಕೂಲಿಯಾದರೂ ಉಳಿಯಿತಲ್ವಾ ಅಂತ ತರಕಾರಿ ಚೀಲಕ್ಕೆ ತುಂಬಿಕೊಂಡು ಸಿಟಿ ಬಸ್ ಹತ್ತಿದೆ. ಕೊತ್ತಂಬರಿ ಸೊಪ್ಪಿನ ವಾಸನೆಯ ಆ ಚೀಲದಿಂದ ಗ್ರೀಸು ಇಳಿಯತೊಡಗಿತು.

"ಏನ್ ಸಾರ್ ಅದು?" ಕಂಡಕ್ಟರ್ ಕೇಳಿದ.

"ಡೈನಮೋ."

"ಯಾವ ಬಸ್ಸಿಂದು?"

ಅಂಗಡಿಯವರು ಅದನ್ನು ಬೆಂಚಿಗೆ ಬಿಗಿದು, ಮೋಟರಿನಿಂದ ತಿರುಗಿಸಿ, ಬಲ್ಬ್ ಕೊಟ್ಟು ನೋಡಿದರು. ಬಲ್ಬ್ ಝಗ್ ಅಂತ ಉರಿಯಿತು.

"ಡೈನಮೋ ಚೆನ್ನಾಗೇ ಇದೆ ಸಾರ್. ಬೆಳಿಗ್ಗೆ ಗಾಡಿ ಕಿಂಯ್ ಅಂತಿತ್ತಾ?"

ಒಂದು ತಿಂಗಳಿಂದ ಅನ್ನುತ್ತಿತ್ತು. ಪಕ್ಕದ ಮನೆಯವರ ಗೇಟಿನ ಸದ್ದು ಅಂದುಕೊಂಡು ಅವರಿಗೆ ಎಣ್ಣೆ ಹಾಕಲು ಹೇಳಿದ್ದೆ. ಪಾಪ, ಹಾಕಿದ್ದರು ಕೂಡ.

"ಬೆಲ್ಟ್ ಹೇಗೆ ತೆಗೆದ್ರಿ? ಬೋಲ್ಟ್ ಸಡಿಲ ಮಾಡಿಯಾ?"

"ಇಲ್ಲ, ಮುಂಚೇನೇ ಬಂತು. ಸಲೀಸಾಗಿ."

ಅವರು ನಗಲಿಲ್ಲ, ದೊಡ್ಡ ಮನುಷ್ಯರು. ಕೆಲಸದ ಹುಡುಗ ನಕ್ಕ. ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ತಗ್ಗಬೇಕಾದ ಬೆಲ್ಟು ಜೋತುಬಿದ್ದಿದೆ, ಜಾರುತ್ತಿದೆ, ಡೈನಮೋ ತಿರುಗಬೇಕಾದಷ್ಟು ತಿರುಗುತ್ತಿಲ್ಲ. ಅಷ್ಟೇ.

"ಗಾಡಿ ತಗೊಂಡ್ ಬನ್ನಿ, ಐದು ನಿಮಿಷದ ಕೆಲಸ."

"ಡೈನಮೋ ಇಲ್ಲಿದೆಯಲ್ಲ."

ಅವರು ಯೋಚಿಸಿದರು. ಬ್ಯಾಟರಿಯ ಬಲದಿಂದಲೇ ಓಡಿಸೋಣ ಅಂದರೆ, ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಡೈನಮೋ ಇಲ್ಲದೆ ಅದು ಬಿಗಿಯಾಗಿ ನಿಲ್ಲುವುದಿಲ್ಲ, ಎಂಜಿನ್ ಕಾದು ಕೂರುತ್ತದೆ. "ಹಂಗಾದ್ರೆ ಹಾಕ್ಕೊಂಡ್ ಬನ್ನಿ," ಅಂದರು. ಟೆಸ್ಟ್ ಮಾಡಿದ್ದಕ್ಕೆ ದುಡ್ಡೂ ತೆಗೆದುಕೊಳ್ಳಲಿಲ್ಲ. ಅದೊಂದು ಮಾತ್ರ ನೋವಾಯಿತು.

ವಾಪಸ್ ಬರುವಾಗ ಅದೇ ಬಸ್ಸು, ಅದೇ ಕಂಡಕ್ಟರ್. ಚೀಲ ನೋಡಿದ, ನನ್ನ ಮುಖ ನೋಡಿದ.

"ತಗೊಳ್ಳಲಿಲ್ವಾ ಸಾರ್ ಅವರು?" ಅಂತ ಕೇಳಿ, ಈ ಸಲ ಲಗೇಜ್ ಟಿಕೆಟ್ಟನ್ನೂ ಹರಿದು ಕೊಟ್ಟ.