ಮನೆಯಲ್ಲಿ ಯಾವಾಗ ಹೇಳ್ತೀಯ?

"ಈಗಿನ ಹುಡುಗ ಹುಡುಗಿಯರಿಗೆ ಬದ್ಧತೆಯೇ ಬೇಡ, ಸುಮ್ನೆ ಸುತ್ತಾಡಿಕೊಂಡಿರುತ್ತಾರೆ" ಎಂದು ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ನಾನು ಕಂಡ ಜಗಳಗಳಲ್ಲಿ ಜಾಸ್ತಿ ಶುರುವಾಗುವುದು ಒಂದೇ ಪ್ರಶ್ನೆಯಿಂದ: "ಮನೆಯಲ್ಲಿ ಯಾವಾಗ ಹೇಳ್ತೀಯ?"

ಐದು ವರ್ಷ ಜೊತೆಗಿದ್ದರೂ ನನ್ನ ಹುಡುಗನ ಫೋನಿನಲ್ಲಿ ನನ್ನ ನಂಬರು 'ಪ್ಲಂಬರ್ 2' ಎಂದೇ ಇತ್ತು. (ನಗಬೇಡಿ. ಒಂದನೇ ಪ್ಲಂಬರ್ ನಿಜವಾದವನೇ, ವಿಚಾರಿಸಿದ್ದೇನೆ.) ಹುಟ್ಟುಹಬ್ಬಕ್ಕೆ ಸೀರೆ ತಪ್ಪದೆ ಬರುತ್ತಿತ್ತು. ಆದರೆ ಅವನ ಅಮ್ಮನ ಫೋನ್ ಬಂದರೆ ನಾನು ಮಿಕ್ಸಿ ಆಫ್ ಮಾಡಿ, ಕೆಮ್ಮು ತಡೆದುಕೊಂಡು ನಿಲ್ಲಬೇಕಿತ್ತು. ನಾನು ಬಯಸಿದ್ದು ಸೀರೆಯನ್ನಲ್ಲ, ಆ ಫೋನನ್ನು ಒಂದು ಸಲ ನನ್ನ ಕೈಗೆ ಕೊಡಲಿ ಎಂದು, ಅಷ್ಟೇ.

ನಮ್ಮಿಬ್ಬರದು ಬೇರೆ ಬೇರೆ ಧರ್ಮ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಲು ಮೊದಲು ನೋಟಿಸ್ ಕೊಡಬೇಕು. ಅದನ್ನು ಎಲ್ಲರಿಗೂ ಕಾಣುವಂತೆ ವಿವಾಹಾಧಿಕಾರಿಯ ಕಚೇರಿಯಲ್ಲಿ ಅಂಟಿಸುತ್ತಾರೆ, ಆಕ್ಷೇಪಣೆಗೆ 30 ದಿನ. ಮನೆಗೆ ಸುದ್ದಿ ಮುಟ್ಟಲು ಅಷ್ಟು ದಿನ ಬೇಕೇ ಇಲ್ಲ, ಅಲ್ವಾ?

ಒಂದು ದಿನ ಕಚೇರಿಯವರೆಗೂ ಹೋಗಿದ್ದೆವು. ಬೋರ್ಡಿನಲ್ಲಿದ್ದ ಬೇರೆಯವರ ಫೋಟೋ, ವಿಳಾಸ ಎಲ್ಲ ಓದಿದೆವು. ಅವನು ಹಿಂದೆ ಸರಿದ. ನಾನೂ ಕೈ ಹಿಡಿದು ಎಳೆಯಲಿಲ್ಲ. ಎದುರಿನ ಅಂಗಡಿಯಲ್ಲಿ ಟೀ ಕುಡಿದು ಬಸ್ ಹತ್ತಿದೆವು.